ವರದಿಗೆ ಕಾಯದೆ ಕೊಟ್ಟ ಸೀರಮ್: ಅಘನಾಶಿನಿ ಅಳಿವೆಯ ಒಂದು ಡಿಫ್ತೀರಿಯಾ ಪ್ರಕರಣ

ಹುಡುಗನ ಗಂಟಲಿನಿಂದ ತೆಗೆದ ಸ್ವಾಬ್‌ನಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ ಎಂದು ಪ್ರಯೋಗಾಲಯದಿಂದ ವರದಿ ಬಂತು. ಆ ವರದಿ ಬರುವ ಹೊತ್ತಿಗೆ ಅವನಿಗೆ 80,000 ಯೂನಿಟ್ ಎ.ಡಿ.ಎಸ್., ಅಂದರೆ ಡಿಫ್ತೀರಿಯಾದ ವಿಷವನ್ನು ಕಟ್ಟಿಹಾಕುವ ಸೀರಮ್, ಕೊಟ್ಟು ಎರಡು ದಿನವಾಗಿತ್ತು. ವರದಿ ಬರಲಿ ಎಂದು ಕೂತಿದ್ದರೆ ಸೀರಮ್ ಕೊಡುವ ಪ್ರಶ್ನೆಯೇ ಬರುತ್ತಿರಲಿಲ್ಲ. ಹುಡುಗನಿಗೆ ಆಗಿದ್ದು ಡಿಫ್ತೀರಿಯಾವೇ, ಹಳೆಯ ಪುಸ್ತಕಗಳಲ್ಲಿ ಗಂಟಲಮಾರಿ ಎಂದು ಬರೆಯುತ್ತಿದ್ದ ರೋಗ. ಅದು ಹೇಗೆ ಖಚಿತವಾಯಿತು, ಎಲ್ಲಿ ತಡವಾಯಿತು, ಆ ತಡದಿಂದ ಅವನ ಹೃದಯಕ್ಕೂ ನರಗಳಿಗೂ ಏನೇನಾಯಿತು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಕರಾವಳಿಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ. ಕುಟುಂಬದ ಗುರುತು ಸಿಗದ ಹಾಗೆ ಮನೆಯ ವಿವರಗಳಲ್ಲಿ ಸ್ವಲ್ಪ ಬದಲಾವಣೆ ಮಾಡಿದ್ದೇನೆ. ರೋಗ ನಡೆದ ಕ್ರಮವನ್ನು ಇದ್ದ ಹಾಗೇ ಇಟ್ಟಿದ್ದೇನೆ.

ಮೊದಲ ಐದು ದಿನ

ಹುಡುಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮನೆ ಉತ್ತರ ಕನ್ನಡದಲ್ಲಿ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಹತ್ತಿರ. ಅಪ್ಪ ಬೋಟಿನಲ್ಲಿ ದುಡಿಯುವವರು. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದವೆಂದರೆ ಅವರು ತದಡಿಯಲ್ಲೂ ಇರಬಹುದು, ಮಲ್ಪೆಯಲ್ಲೂ ಇರಬಹುದು, ಕಾರವಾರದ ಬೈತಖೋಲದಲ್ಲೂ ಇರಬಹುದು. ತಾಯಿ ಮೀನು ಮಾರುತ್ತಾರೆ. ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿ ಪೇಟೆಗೆ ಹೋದರೆ ಮನೆ ಸೇರುವುದು ಮಧ್ಯಾಹ್ನ ದಾಟಿದ ಮೇಲೆ. ಮನೆಯಲ್ಲಿ ಅಜ್ಜಿ, ಚಿಕ್ಕಪ್ಪನ ಸಂಸಾರ, ಚಿಕ್ಕಪ್ಪನ ಐದು ವರ್ಷದ ಮಗಳು.

ನವರಾತ್ರಿ ಮುಗಿದ ವಾರ ಹುಡುಗನಿಗೆ ಗಂಟಲು ನೋವು ಶುರುವಾಯಿತು. ಜೊತೆಗೆ ಸಣ್ಣ ಜ್ವರ. ಎರಡನೇ ದಿನ ಒಂದು ಕ್ಲಿನಿಕ್ಕಿನಲ್ಲಿ ‘ಟಾನ್ಸಿಲ್’ ಎಂದು ಹೇಳಿ ಮೂರು ದಿನಕ್ಕೆ ಅಜಿತ್ರೋಮೈಸಿನ್ ಸಿರಪ್ ಕೊಟ್ಟರು. ಗಂಟಲು ನೋವೆಂದು ಬರುವ ಮಕ್ಕಳಲ್ಲಿ ಬಹುಪಾಲು ಜನರಿಗೆ ವೈರಸ್ಸಿನ ಸೋಂಕು. ಒಂದಷ್ಟು ಮಕ್ಕಳಿಗೆ ನಿಜಕ್ಕೂ ಟಾನ್ಸಿಲ್. ಆ ದಿನ ಪೊರೆ ಇನ್ನೂ ಕಟ್ಟಿರಲಿಕ್ಕಿಲ್ಲ. ಆದರೆ ಬಾಯಿ ತೆಗೆಸಿ ಟಾರ್ಚು ಹಾಕಿ ನೋಡಿದ ನೆನಪು ಮನೆಯವರಿಗೆ ಇಲ್ಲ. ಈ ಮಾತನ್ನು ನಾನು ಒತ್ತಿ ಹೇಳಬೇಕು. ಗಂಟಲು ನೋವೆಂದು ಬಂದ ಮಗುವಿನ ಗಂಟಲು ನೋಡಲು ಅರ್ಧ ನಿಮಿಷ ಸಾಕು. ಜನದಟ್ಟಣೆಯ ಹೊರರೋಗಿ ವಿಭಾಗದಲ್ಲಿ ಮೊದಲು ಕೈಬಿಡುವುದು ಅದನ್ನೇ.

ಮನೆಯವರು ನಿರ್ಲಕ್ಷ್ಯ ಮಾಡಿದರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಜನ ಜ್ವರವನ್ನು ಅಳೆಯುವುದೇ ಬೇರೆ ರೀತಿ. ಮಳೆ ಬಿಟ್ಟ ಮೇಲಿನ ಜ್ವರವೆಂದರೆ ಇಲಿಜ್ವರ, ಡೆಂಗಿ. ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಾದರೆ ಮಂಗನ ಕಾಯಿಲೆ. ಇವೆಲ್ಲ ಮೈ ಸುಡುವ ಜ್ವರಗಳು. ಡಿಫ್ತೀರಿಯಾದಲ್ಲಿ ಜ್ವರ 100, 101ರ ಆಸುಪಾಸಿನಲ್ಲೇ ಉಳಿದುಬಿಡುತ್ತದೆ. ಮೈ ಅಷ್ಟು ಬಿಸಿಯಿಲ್ಲದ ಮಗುವಿನ ಬಗ್ಗೆ ಯಾವ ಮನೆಯಲ್ಲೂ ಗಾಬರಿ ಹುಟ್ಟುವುದಿಲ್ಲ.

ನಾಲ್ಕನೇ ದಿನ ದವಡೆಯ ಕೆಳಗೆ ಎರಡೂ ಕಡೆ ಊದಿತು. ಅಜ್ಜಿ ಕೆಪ್ಪಟೆ ಎಂದುಕೊಂಡು ಲೇಪ ಹಚ್ಚಿದರು. ಹುಡುಗ ಊಟ ಬಿಟ್ಟ, ಜೊಲ್ಲು ಸುರಿಸತೊಡಗಿದ, ಬಾಯಿಂದ ಕೆಟ್ಟ ವಾಸನೆ ಬರತೊಡಗಿತು. ಐದನೇ ದಿನ ಸಂಜೆ ಆಶಾ ಕಾರ್ಯಕರ್ತೆ ಅಜ್ಜಿಯ ಬಿಪಿ ಮಾತ್ರೆ ವಿಚಾರಿಸಲು ಆ ಮನೆಗೆ ಹೋದರು. ಒಳಗೆ ಮಲಗಿದ್ದ ಹುಡುಗನನ್ನು ಕಂಡು, ‘ಅಜ್ಜಿ, ಇದು ಕೆಪ್ಪಟೆ ಅಲ್ಲ, ಈಗ್ಲೇ ಆಸ್ಪತ್ರೆಗೆ ಹೊರಡೂದೇ’ ಎಂದು ರಿಕ್ಷಾ ಕರೆಸಿ ತಾವೇ ಜೊತೆಗೆ ಬಂದರು.

ಗಂಟಲಿನಲ್ಲಿ ಕಂಡದ್ದು

ಜ್ವರ 100.2. ನಾಡಿ ನಿಮಿಷಕ್ಕೆ 136. ಇವೆರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇಷ್ಟು ಸಣ್ಣ ಜ್ವರಕ್ಕೆ ನಾಡಿ ಇಷ್ಟು ಓಡಬಾರದು. ಮುಖ ಬಿಳಿಚಿತ್ತು, ಮಾತು ಮೂಗಿನಿಂದ ಬರುತ್ತಿತ್ತು. ‘ತಮಾ, ಆ ಅನ್ನು’ ಎಂದು ನಾಲಗೆ ಒತ್ತಿ ನೋಡಿದೆ. ಎರಡೂ ಟಾನ್ಸಿಲ್‌ಗಳ ಮೇಲೆ ದಪ್ಪಗೆ ಬೂದು ಬಣ್ಣದ ಪೊರೆ. ಬಲಗಡೆ ಅದು ಟಾನ್ಸಿಲ್ ದಾಟಿ ಮೃದು ಅಂಗುಳಕ್ಕೂ ಕಿರುನಾಲಗೆಗೂ ಹಬ್ಬಿತ್ತು. ಸ್ವಾಬ್‌ನ ತುದಿ ಅಂಚಿಗೆ ತಾಗಿದ್ದೇ ರಕ್ತ ಜಿನುಗಿತು.

ಸಾಮಾನ್ಯ ಟಾನ್ಸಿಲ್ ಸೋಂಕಿನಲ್ಲೂ ಬಿಳಿ ಕೀವು ಕಾಣುತ್ತದೆ. ಆದರೆ ಅದು ಟಾನ್ಸಿಲ್‌ನ ಮೇಲೆಯೇ ಚುಕ್ಕೆ ಚುಕ್ಕೆಯಾಗಿ ಇರುತ್ತದೆ, ಒರೆಸಿದರೆ ಬರುತ್ತದೆ, ಜ್ವರವೂ ಜೋರಾಗಿರುತ್ತದೆ. ಟಾನ್ಸಿಲ್‌ನ ಗಡಿ ಮೀರಿ ಹಬ್ಬಿದ, ಕೆಳಗಿನ ಅಂಗಾಂಶಕ್ಕೆ ಕಚ್ಚಿಕೊಂಡ, ಕೀಳಹೋದರೆ ರಕ್ತ ಬರುವ ಬೂದು ಪೊರೆ, ಜೊತೆಗೆ ಕತ್ತಿನ ಊತ, ಜ್ವರಕ್ಕೆ ಹೊಂದದ ನಾಡಿ: ಇಷ್ಟೂ ಒಟ್ಟಿಗೆ ಕಂಡರೆ ಬೇರೆ ರೋಗವೆಂದು ಸಾಬೀತಾಗುವವರೆಗೆ ಅದನ್ನು ಡಿಫ್ತೀರಿಯಾ ಎಂದೇ ನಡೆಸಿಕೊಳ್ಳಬೇಕು. ಪೊರೆಯನ್ನು ಕೀಳಬಾರದು; ಕಿತ್ತರೆ ರಕ್ತ ಹರಿಯುತ್ತದೆ, ಪೊರೆಯ ಚೂರು ಉಸಿರುದಾರಿಗೂ ಜಾರಬಹುದು. ಅಂಚಿನಿಂದ ಎರಡು ಸ್ವಾಬ್ ತೆಗೆದು, ಹುಡುಗನನ್ನು ಬೇರೆ ಕೋಣೆಗೆ ಸಾಗಿಸಿ, ಪೆನಿಸಿಲಿನ್ ಶುರುಮಾಡಿ, ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಫೋನ್ ಮಾಡಿದೆವು.

ಒಂದು ಸ್ವಾಬ್‌ನಿಂದ ಸ್ಲೈಡ್ ಮಾಡಿ ಆಲ್ಬರ್ಟ್ ಬಣ್ಣ ಹಾಕಿದಾಗ ಹಸಿರು ಕಡ್ಡಿಗಳು, ಅವುಗಳ ತುದಿಯಲ್ಲಿ ಕಡುನೀಲಿ ಕಣಗಳು ಕಂಡವು. ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೇ ಕಾಣುವುದು ಹೀಗೆಯೇ. ಆದರೆ ಇದೇ ಬಳಗದ ನಿರುಪದ್ರವಿ ಬ್ಯಾಕ್ಟೀರಿಯಾಗಳು ಎಲ್ಲರ ಗಂಟಲಲ್ಲೂ ವಾಸಿಸುತ್ತವೆ. ಅವೂ ಸ್ಲೈಡಿನಲ್ಲಿ ಹೆಚ್ಚು ಕಡಿಮೆ ಹೀಗೇ ಕಾಣಬಹುದಾದ್ದರಿಂದ ಸ್ಲೈಡ್ ನೋಡಿ ಹೌದೆಂದು ಹೇಳುವಂತಿಲ್ಲ. ಟೆಲ್ಯುರೈಟ್ ಎಂಬ ಲವಣ ಬೆರೆಸಿದ ಪೋಷಕ ಮಾಧ್ಯಮದಲ್ಲಿ ಬೆಳೆಸಿದರೆ ಕಪ್ಪು ಬಣ್ಣದ ಗುಂಪುಗಳು ಬರಬೇಕು. ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಬೆಳೆದದ್ದು ವಿಷ ಉತ್ಪಾದಿಸುತ್ತದೆಯೇ ಎಂದು ತಿಳಿಯಲು 1949ರಲ್ಲಿ ಬಂದ ಎಲೆಕ್ ಪರೀಕ್ಷೆಯನ್ನೋ ವಿಷದ ಜೀನ್ ಹುಡುಕುವ ಪಿಸಿಆರ್ ಅನ್ನೋ ಮಾಡಬೇಕು, ಅದಕ್ಕೆ ಮತ್ತಷ್ಟು ದಿನ. ಹುಡುಗನ ಹತ್ತಿರ ಆ ದಿನಗಳು ಇರಲಿಲ್ಲ.

ವಿಷ ಮಾಡುವ ಕೆಲಸ

ಏಕೆ ಇರಲಿಲ್ಲ ಎಂಬುದು ಅರ್ಥವಾಗಬೇಕಾದರೆ ಈ ರೋಗಾಣುವಿನ ಸ್ವಭಾವ ತಿಳಿಯಬೇಕು. 1883ರಲ್ಲಿ ಕ್ಲೆಬ್ಸ್ ಇದನ್ನು ಪೊರೆಯಲ್ಲಿ ಕಂಡರು, ಮರುವರ್ಷ ಲೋಫ್ಲರ್ ಬೇರ್ಪಡಿಸಿ ಬೆಳೆಸಿದರು. ಲೋಫ್ಲರ್‌ಗೆ ಒಂದು ಸಂಗತಿ ಬಗೆಹರಿಯಲಿಲ್ಲ. ಸತ್ತ ಪ್ರಾಣಿಗಳ ಒಳಗಿನ ಅಂಗಗಳಲ್ಲೂ ಹಾನಿ ಕಾಣುತ್ತಿತ್ತು, ಆದರೆ ಬ್ಯಾಕ್ಟೀರಿಯಾ ಮಾತ್ರ ಸೋಂಕು ತಗುಲಿದ ಜಾಗದಲ್ಲಷ್ಟೇ ಸಿಗುತ್ತಿತ್ತು. ದೂರಕ್ಕೆ ಹೋಗುವುದು ಅದರ ವಿಷವಿರಬೇಕೆಂದು ಅವರು ಊಹಿಸಿದರು. 1888ರಲ್ಲಿ ಪ್ಯಾರಿಸ್ಸಿನ ರೂ ಮತ್ತು ಯೆರ್ಸಿನ್, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಬರೀ ದ್ರವವೇ ಪ್ರಾಣಿಗಳನ್ನು ಕೊಲ್ಲುತ್ತದೆಂದು ತೋರಿಸಿದಾಗ ಊಹೆ ನಿಜವಾಯಿತು.

ಆ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ ಎಂಬುದು ನನಗೆ ಇಂದಿಗೂ ವಿಸ್ಮಯ. ಬ್ಯಾಕ್ಟೀರಿಯಾಕ್ಕೆ ಸೋಂಕುವ ಒಂದು ವೈರಸ್ ಆ ಜೀನನ್ನು ಹೊತ್ತು ತರುತ್ತದೆ. ಆ ವೈರಸ್ ಒಳಗಿಲ್ಲದ ಡಿಫ್ತೀರಿಯಾ ಬ್ಯಾಕ್ಟೀರಿಯಾ ಈ ವಿಷ ತಯಾರಿಸಲಾರದು. ವೈರಸ್ ಹೊಕ್ಕಿತೆಂದರೆ ಅದೇ ಬ್ಯಾಕ್ಟೀರಿಯಾ ಮಾರಕವಾಗುತ್ತದೆ. 1951ರಲ್ಲಿ ಫ್ರೀಮನ್ ಇದನ್ನು ಕಂಡುಹಿಡಿದರು. ವಿಷ ಯಾವಾಗ ತಯಾರಾಗಬೇಕೆಂಬುದು ಮಾತ್ರ ಬ್ಯಾಕ್ಟೀರಿಯಾದ ಹಿಡಿತದಲ್ಲಿದೆ: ಸುತ್ತ ಕಬ್ಬಿಣದ ಅಂಶ ಕಡಿಮೆಯಾದಾಗ ಅದು ವಿಷ ಉತ್ಪಾದಿಸತೊಡಗುತ್ತದೆ. ಮನುಷ್ಯನ ಗಂಟಲಲ್ಲಿ ಸುಲಭಕ್ಕೆ ಸಿಗುವ ಕಬ್ಬಿಣ ಯಾವಾಗಲೂ ಕಡಿಮೆಯೇ.

ವಿಷಕ್ಕೆ ಎರಡು ಭಾಗಗಳಿವೆ. ಒಂದು ಭಾಗ ನಮ್ಮ ಜೀವಕೋಶದ ಹೊರಮೈಗೆ ಅಂಟಿಕೊಂಡು ಇನ್ನೊಂದನ್ನು ಒಳಗೆ ಸೇರಿಸುತ್ತದೆ. ಒಳಹೊಕ್ಕ ಭಾಗ, ಕೋಶ ಪ್ರೋಟೀನ್ ತಯಾರಿಸಲು ಬೇಕಾದ ಒಂದು ಅಂಶವನ್ನು ನಿಷ್ಕ್ರಿಯಗೊಳಿಸುತ್ತದೆ. ಪ್ರೋಟೀನ್ ತಯಾರಿ ನಿಂತ ಕೋಶ ಸಾಯುತ್ತದೆ. ಆ ಭಾಗದ ಒಂದೇ ಅಣು ಒಳಗೆ ಸೇರಿದರೂ ಒಂದು ಕೋಶ ಸಾಯಲು ಸಾಕು. ಗಂಟಲಿನಲ್ಲಿ ಸತ್ತ ಕೋಶಗಳು, ಫೈಬ್ರಿನ್ ಎಂಬ ಹೆಪ್ಪಿನ ಎಳೆಗಳು, ಬಿಳಿ ರಕ್ತಕಣಗಳು, ಬ್ಯಾಕ್ಟೀರಿಯಾ ಎಲ್ಲ ಹೆಪ್ಪುಗಟ್ಟಿ ಪೊರೆಯಾಗುತ್ತವೆ. ಮಿಕ್ಕ ವಿಷ ರಕ್ತಕ್ಕೆ ಸೇರಿ ಹೃದಯದ ಸ್ನಾಯುವಿಗೂ ನರಗಳಿಗೂ ಹೋಗುತ್ತದೆ.

ರಕ್ತದಲ್ಲಿ ತೇಲುತ್ತಿರುವ ವಿಷವನ್ನು ಸೀರಮ್ ಹಿಡಿಯುತ್ತದೆ. ಕೋಶದ ಒಳಗೆ ಹೋದದ್ದನ್ನು ಹಿಡಿಯಲಾರದು. ಪೆನಿಸಿಲಿನ್, ಎರಿತ್ರೋಮೈಸಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ, ಹೊಸ ವಿಷ ಹುಟ್ಟುವುದನ್ನು ನಿಲ್ಲಿಸುತ್ತವೆ. ಈಗಾಗಲೇ ಹುಟ್ಟಿದ ವಿಷವನ್ನು ಏನೂ ಮಾಡಲಾರವು. ರಾತ್ರಿ ಮಲ್ಪೆಯಿಂದ ಬಂದಿಳಿದ ಅಪ್ಪ, ‘ಸಿರಪ್ ಕೊಟ್ಟಿದ್ರಲ್ಲ ಡಾಕ್ಟ್ರೇ, ಮತ್ತೆ ಹೆಂಗೆ ಹೆಚ್ಚಾಯ್ತು?’ ಎಂದು ಕೇಳಿದರು. ಅವರಿಗೆ ಹೀಗೆ ಹೇಳಿದೆ: ದಕ್ಕೆಯಲ್ಲಿ ಕಟ್ಟಿದ ಬೋಟನ್ನು ತಡೆಯಬಹುದು, ಅಳಿವೆ ದಾಟಿ ಕಡಲು ಸೇರಿದ್ದನ್ನು ದಡದಲ್ಲಿ ನಿಂತು ತಡೆಯಲಾಗದು, ಹಾಗಾಗಿ ದಕ್ಕೆಯಲ್ಲಿ ಇನ್ನೂ ಎಷ್ಟು ಉಳಿದಿವೆಯೋ ಅಷ್ಟನ್ನು ಇವತ್ತು ರಾತ್ರಿಯೇ ಹಿಡಿಯಬೇಕು. ಅವರು ಮತ್ತೆ ಪ್ರಶ್ನೆ ಕೇಳಲಿಲ್ಲ, ಆಂಬುಲೆನ್ಸ್ ಎಲ್ಲಿದೆ ಎಂದರು.

ಸೀರಮ್ ಹುಡುಕಿದ ರಾತ್ರಿ

ಎ.ಡಿ.ಎಸ್. ಎಲ್ಲ ಆಸ್ಪತ್ರೆಗಳಲ್ಲೂ ಇರುವ ಔಷಧವಲ್ಲ. 1890ರಲ್ಲಿ ಬೆರಿಂಗ್ ಮತ್ತು ಕಿಟಾಸಾಟೊ ತೋರಿಸಿಕೊಟ್ಟ ದಾರಿಯಲ್ಲೇ ಇಂದಿಗೂ ಅದು ತಯಾರಾಗುತ್ತದೆ. ಕುದುರೆಗೆ ನಿರ್ವಿಷಗೊಳಿಸಿದ ಡಿಫ್ತೀರಿಯಾ ವಿಷವನ್ನು ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಶುದ್ಧಮಾಡುತ್ತಾರೆ. 1901ರಲ್ಲಿ ವೈದ್ಯಕೀಯಕ್ಕೆ ಕೊಟ್ಟ ಮೊಟ್ಟಮೊದಲ ನೊಬೆಲ್ ಬಹುಮಾನ ಬೆರಿಂಗ್ ಅವರಿಗೆ ಬಂದದ್ದು ಈ ಕೆಲಸಕ್ಕೇ. ರೋಗ ಅಪರೂಪವಾದ ಮೇಲೆ ಸೀರಮ್‌ಗೆ ಬೇಡಿಕೆ ಕುಸಿಯಿತು, ಜಗತ್ತಿನಾದ್ಯಂತ ತಯಾರಕರು ಬೆರಳೆಣಿಕೆಯಷ್ಟು ಉಳಿದರು. ಬೇಕಾದಾಗ ಸಿಗದಿರುವುದು ಹಲವು ದೇಶಗಳ ಪಾಡು.

ನಮ್ಮಲ್ಲಿ ಇರಲಿಲ್ಲ. ದಕ್ಷಿಣದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇದೆ ಎಂದು ಫೋನಿನಲ್ಲಿ ತಿಳಿಯಿತು. ಶೀತಪೆಟ್ಟಿಗೆಯಲ್ಲಿ ಸೀರಮ್ ತರಿಸುವುದೋ, ಹುಡುಗನನ್ನೇ ಅಲ್ಲಿಗೆ ಕಳಿಸುವುದೋ? ಅವನಿಗೆ ಹೇಗೂ ಹೃದಯದ ಮೇಲೆ ಹಗಲಿರುಳು ನಿಗಾ ಇಡುವ ಐಸಿಯು ಬೇಕಾಗಿತ್ತು. ಉತ್ತರ ಕನ್ನಡದವರಿಗೆ ಇದು ಗೊತ್ತಿರುವ ಕಥೆ: ದಕ್ಷಿಣದ ತಾಲ್ಲೂಕಿನವರು ಮಣಿಪಾಲ, ಮಂಗಳೂರು ಎನ್ನುತ್ತಾರೆ, ಕಾರವಾರದವರು ಗೋವಾ ಎನ್ನುತ್ತಾರೆ, ಘಟ್ಟದ ಮೇಲಿನವರು ಹುಬ್ಬಳ್ಳಿ ದಾರಿ ಹಿಡಿಯುತ್ತಾರೆ. ಜಿಲ್ಲೆಯಲ್ಲೇ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳಿದ್ದು ಇಂಥ ರಾತ್ರಿಗಳನ್ನು ಕಂಡೇ. ಆ ಬೇಡಿಕೆ ಪೂರ್ತಿ ನ್ಯಾಯವಾದದ್ದು. ದಾರಿಯಲ್ಲಿ ಪೊರೆ ಧ್ವನಿಪೆಟ್ಟಿಗೆಗೆ ಇಳಿದು ಉಸಿರು ಕಟ್ಟಿದರೆ ಕೊಳವೆ ಹಾಕಬಲ್ಲ ಅರಿವಳಿಕೆ ವೈದ್ಯರೊಬ್ಬರನ್ನು ಜೊತೆಗೆ ಕೂರಿಸಿ, ಹೆದ್ದಾರಿ 66ರಲ್ಲಿ ಆಂಬುಲೆನ್ಸ್ ಕಳಿಸಿದೆವು.

ಅಲ್ಲಿನ ವೈದ್ಯರು ಗಂಟಲು ನೋಡಿದರು, ವರದಿ ಕೇಳಲಿಲ್ಲ. ಕುದುರೆಯ ಸೀರಮ್ ಆದ್ದರಿಂದ ಮೊದಲು ಅಲರ್ಜಿ ಪರೀಕ್ಷೆ, ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧ, ಆಮೇಲೆ ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ರಕ್ತನಾಳಕ್ಕೆ. ಪ್ರಮಾಣ ತೀರ್ಮಾನವಾಗುವುದು ಮಗುವಿನ ತೂಕದಿಂದಲ್ಲ, ರೋಗ ಎಷ್ಟು ಹಬ್ಬಿದೆ, ಎಷ್ಟು ದಿನವಾಗಿದೆ ಎಂಬುದರಿಂದ. ಎರಡು ದಿನದೊಳಗಿನ, ಗಂಟಲಿಗಷ್ಟೇ ಸೀಮಿತವಾದ ರೋಗಕ್ಕೆ 20,000ದಿಂದ 40,000 ಯೂನಿಟ್ ಸಾಕು. ಮೂರು ದಿನ ಮೀರಿದ, ಕತ್ತು ಊದಿದ ರೋಗಕ್ಕೆ 80,000 ಅಥವಾ ಅದಕ್ಕೂ ಹೆಚ್ಚು. ಸೀರಮ್ ಮುಗಿದಾಗ ಬೆಳಗಿನ ಜಾವ.

ಎರಡು ದಿನದ ಮೇಲೆ ಪ್ರಯೋಗಾಲಯದ ವರದಿ ಬಂತು: ಬೆಳವಣಿಗೆ ಇಲ್ಲ. ಕ್ಲಿನಿಕ್ಕಿನ ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾವನ್ನು ಅಷ್ಟರಲ್ಲೇ ಕೊಂದಿತ್ತು. ಅದು ಬಿಟ್ಟುಹೋದ ವಿಷ ಹುಡುಗನ ಮೈಯಲ್ಲಿ ಉಳಿದಿತ್ತು.

ಪುಟ್ಟ ತಂಗಿಯ ಮೂಗು

ಹಾಗಾದರೆ ಡಿಫ್ತೀರಿಯಾ ಎಂದು ಖಚಿತಪಡಿಸಿದ್ದು ಯಾವುದು? ಉತ್ತರ ಮನೆಯಲ್ಲೇ ಸಿಕ್ಕಿತು, ಸಿಕ್ಕಿದ್ದು ಮತ್ತೆ ಅದೇ ಆಶಾ ಕಾರ್ಯಕರ್ತೆಗೆ.

ರೋಗಿಯ ಹತ್ತಿರ ಇದ್ದವರೆಲ್ಲರ ಗಂಟಲು, ಮೂಗಿನಿಂದ ಸ್ವಾಬ್ ತೆಗೆಯಬೇಕು, ಏಳು ದಿನ ದಿನವೂ ಗಂಟಲು ನೋಡಬೇಕು, ವರದಿಗೆ ಕಾಯದೆ ತಡೆ ಔಷಧ ಕೊಡಬೇಕು. ಒಂದೋ ಬೆಂಜಥೀನ್ ಪೆನಿಸಿಲಿನ್ ಒಂದೇ ಚುಚ್ಚುಮದ್ದು, ಆರು ವರ್ಷದೊಳಗಿನವರಿಗೆ 6 ಲಕ್ಷ ಯೂನಿಟ್, ದೊಡ್ಡವರಿಗೆ 12 ಲಕ್ಷ. ಇಲ್ಲವೇ ಎರಿತ್ರೋಮೈಸಿನ್ ಮಾತ್ರೆ. ಆರೋಗ್ಯ ತಂಡ ಮನೆಗೆ ಹೋದಾಗ ಚಿಕ್ಕಪ್ಪನ ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಜ್ವರವಿಲ್ಲ, ಗಂಟಲು ಸ್ವಚ್ಛ. ‘ಇವ್ಳಿಗೆ ಎಂತದೂ ಇಲ್ಲ, ಬರೀ ನೆಗಡಿ’ ಎಂದರು ಚಿಕ್ಕಮ್ಮ. ಆಶಾ ಕಾರ್ಯಕರ್ತೆ ಹುಡುಗಿಯ ಮೇಲ್ತುಟಿ ನೋಡಿದರು. ಒಂದೇ ಹೊಳ್ಳೆಯ ಕೆಳಗೆ ಚರ್ಮ ಸುಲಿದು ಕೆಂಪಾಗಿತ್ತು, ರಕ್ತ ಬೆರೆತ ಸಿಂಬಳ ಒಣಗಿ ಹಕ್ಕಳೆಗಟ್ಟಿತ್ತು. ಕೇಳಿದರೆ, ಆ ನೆಗಡಿ ಚೌತಿಯ ಆಸುಪಾಸಿನಿಂದಲೂ ಇತ್ತಂತೆ.

ಮೂಗಿನ ಡಿಫ್ತೀರಿಯಾ ಬಹುತೇಕ ಹೀಗೇ ಇರುತ್ತದೆ. ಮೂಗಿನ ಒಳಪದರದಿಂದ ವಿಷ ರಕ್ತಕ್ಕೆ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಮಗು ಆಡಿಕೊಂಡಿರುತ್ತದೆ. ಹರಡುವ ವಿಷಯದಲ್ಲಿ ಮಾತ್ರ ಇದು ಬಹಳ ಅಪಾಯಕಾರಿ. ಸೀನು, ಸಿಂಬಳ, ಒಂದೇ ಟವೆಲ್, ಒಂದೇ ಹಾಸಿಗೆ. ಅವಳ ಮೂಗಿನ ಸ್ವಾಬ್‌ನಲ್ಲಿ ಕಪ್ಪು ಗುಂಪುಗಳು ಬೆಳೆದವು. ಹೆಚ್ಚಿನ ಪರೀಕ್ಷೆಗೆ ಕಳಿಸಿದ ಪ್ರಯೋಗಾಲಯದಿಂದ ವಿಷ ಉತ್ಪಾದಿಸುವ ತಳಿ ಎಂದು ಉತ್ತರ ಬಂತು. ಪ್ರಯೋಗಾಲಯದಲ್ಲಿ ಖಚಿತವಾದ ರೋಗಿಯ ಜೊತೆ ಒಂದೇ ಮನೆಯಲ್ಲಿದ್ದು, ರೋಗಲಕ್ಷಣಗಳೂ ಹೊಂದುವುದರಿಂದ ಹುಡುಗನ ಪ್ರಕರಣವೂ ನಿಯಮದ ಪ್ರಕಾರ ಡಿಫ್ತೀರಿಯಾ ಎಂದೇ ದಾಖಲಾಯಿತು. ಹುಡುಗಿಗೆ 14 ದಿನ ಎರಿತ್ರೋಮೈಸಿನ್, ತಜ್ಞರ ಸಲಹೆಯಂತೆ ಕಡಿಮೆ ಪ್ರಮಾಣದ ಸೀರಮ್ ಕೊಟ್ಟರು. ಔಷಧ ಮುಗಿದ ಮೇಲೆ ಒಂದು ದಿನದ ಅಂತರದಲ್ಲಿ ತೆಗೆದ ಎರಡೂ ಸ್ವಾಬ್‌ಗಳಲ್ಲಿ ಏನೂ ಬೆಳೆಯದಿದ್ದಾಗಷ್ಟೇ ಅವಳನ್ನು ಅಂಗನವಾಡಿಗೆ ಕಳಿಸಬಹುದೆಂದು ಹೇಳಿದೆವು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಸರಿಮಾಡಬೇಕು. ಊರಲ್ಲಿ ಕೆಲವರು ಆ ಮನೆಯವರನ್ನು ದೂರವಿಡತೊಡಗಿದ್ದರು, ‘ಅವ್ರ ಮನೆ ಹುಡ್ಗಿ ತಂದದ್ದು’ ಎಂಬ ಮಾತೂ ಹುಟ್ಟಿತ್ತು. ಡಿಫ್ತೀರಿಯಾ ಲಸಿಕೆಯಲ್ಲಿರುವುದು ವಿಷದ ನಿರ್ವಿಷ ರೂಪ. 1923ರಲ್ಲಿ ಗಾಸ್ತೋ ರಾಮೋ ಫಾರ್ಮಾಲಿನ್ ಬಳಸಿ ಅದನ್ನು ತಯಾರಿಸಿದರು. ಅದು ವಿಷದ ಹಾನಿಯನ್ನು ತಡೆಯುತ್ತದೆ, ಬ್ಯಾಕ್ಟೀರಿಯಾ ಗಂಟಲಲ್ಲಿ ಬಂದು ಕೂರುವುದನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಹಾಕಿಸಿಕೊಂಡ ಆರೋಗ್ಯವಂತರ ಗಂಟಲಲ್ಲೂ ಅದು ಕೆಲಕಾಲ ಇರಬಹುದು, ಲಸಿಕೆ ಇಲ್ಲದ ಮಗುವಿಗೆ ಅವರಿಂದಲೇ ತಗುಲಬಹುದು. ಐದು ವರ್ಷದ ಹುಡುಗಿಯ ಮೇಲೆ ಹೊರೆ ಹೊರಿಸುವುದು ವಿಜ್ಞಾನಕ್ಕೂ ಒಪ್ಪುವುದಿಲ್ಲ, ನನ್ನ ಮನಸ್ಸಿಗಂತೂ ಒಪ್ಪುವುದೇ ಇಲ್ಲ. ಶಾಲೆಯ ಅಕ್ಕೋರು ಇದನ್ನು ಪಾಲಕರ ಸಭೆಯಲ್ಲಿ ನನಗಿಂತ ಚೆನ್ನಾಗಿ ಹೇಳಿದರು.

ಬಿಟ್ಟುಹೋದ ಎರಡು ಸೂಜಿ

ಟ್ರಂಕಿನಿಂದ ತೆಗೆದುಕೊಟ್ಟ ತಾಯಿ ಕಾರ್ಡಿನಲ್ಲಿ ಹುಡುಗನ ಆರು, ಹತ್ತು, ಹದಿನಾಲ್ಕು ವಾರದ ಪೆಂಟಾ ಲಸಿಕೆ, ಅಂದರೆ ಡಿಫ್ತೀರಿಯಾವೂ ಸೇರಿ ಐದು ರೋಗಗಳಿಗೆ ಕೊಡುವ ಲಸಿಕೆ, ಮೂರೂ ದಾಖಲಾಗಿದ್ದವು. 16ರಿಂದ 24 ತಿಂಗಳ ನಡುವೆ ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯುವಿಗೆ ಕೊಡುವ ಡಿಪಿಟಿ ಬೂಸ್ಟರ್ ಸಾಲು ಖಾಲಿ. ಐದು ವರ್ಷದ ಎರಡನೇ ಬೂಸ್ಟರ್ ಸಾಲೂ ಖಾಲಿ. ಹುಡುಗಿಗೆ ಸಿಕ್ಕಿದ್ದು ಮೊದಲ ಪೆಂಟಾ ಒಂದೇ. ಬೋಟಿನ ಕೆಲಸಕ್ಕಾಗಿ ಚಿಕ್ಕಪ್ಪ ಸಂಸಾರ ಸಮೇತ ಬಂದರಿನಿಂದ ಬಂದರಿಗೆ ಹೋಗುತ್ತಿದ್ದ ವರ್ಷಗಳು ಅವು.

ಮೊದಲ ಮೂರು ಡೋಸ್ ಆಗಿದೆಯಲ್ಲ ಎಂದು ಎಷ್ಟೋ ಜನ ನೆಮ್ಮದಿಯಾಗಿರುತ್ತಾರೆ. ಕೂಸಿನಲ್ಲಿ ಕೊಟ್ಟ ಆ ಮೂರು ಡೋಸಿನ ರಕ್ಷಣೆ ಬೂಸ್ಟರ್ ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಇಳಿಯುತ್ತದೆ. ಅದಕ್ಕೇ ನಮ್ಮ ರಾಷ್ಟ್ರೀಯ ವೇಳಾಪಟ್ಟಿಯಲ್ಲಿ ಎರಡು ಡಿಪಿಟಿ ಬೂಸ್ಟರ್, ಆಮೇಲೆ 10 ಮತ್ತು 16ನೇ ವಯಸ್ಸಿಗೆ ಟಿಡಿ ಇವೆ. ಮೊದಲಿದ್ದ ಟಿಟಿಯಲ್ಲಿ ಧನುರ್ವಾಯುವಿಗೆ ಮಾತ್ರ ರಕ್ಷಣೆ ಇತ್ತು. ಟಿಡಿಯಲ್ಲಿ ಡಿಫ್ತೀರಿಯಾವೂ ಸೇರಿದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ 1990ರ ದಶಕದಲ್ಲಿ ಆ ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಡಿಫ್ತೀರಿಯಾ ಬಂತು. ಅವರಲ್ಲಿ ಬಹಳಷ್ಟು ಮಂದಿ ಬಾಲ್ಯದ ರಕ್ಷಣೆ ಇಳಿದುಹೋದ ವಯಸ್ಕರು. ಭಾರತದಲ್ಲೇ 2018ರಲ್ಲಿ 8,000ಕ್ಕೂ ಹೆಚ್ಚು ಪ್ರಕರಣ ವರದಿಯಾದವು, ಆ ವರ್ಷ ಇಡೀ ಜಗತ್ತಿನಲ್ಲಿ ವರದಿಯಾದದ್ದರಲ್ಲಿ ಸುಮಾರು ಅರ್ಧ. ಮಾಯವಾದ ರೋಗ ಎಂದು ನಾವು ಅಂದುಕೊಂಡಿದ್ದೇವೆ ಅಷ್ಟೆ.

ಬೂಸ್ಟರ್ ಏಕೆ ತಪ್ಪಿತು ಎಂದು ತಾಯಿಯನ್ನು ಕೇಳಿದಾಗ ಅವರು ಮುಚ್ಚುಮರೆ ಇಲ್ಲದೆ ಹೇಳಿದರು: ‘ಒಂದೂವರೆ ವರ್ಷದ ಸೂಜಿಗೆ ಎರಡು ದಿನ ಜ್ವರ ಬತ್ತದೆ, ಮಗು ಕಾಲು ಊರೂದಿಲ್ಲ ಅಂದ್ರು. ಎರಡು ದಿನ ಮನೇಲಿ ಕೂತ್ರೆ ಮೀನು ಯಾರು ಮಾರೂದು ಡಾಕ್ಟ್ರೇ?’ ಐದು ವರ್ಷದ್ದು ಬರುವ ಹೊತ್ತಿಗೆ ಕೋವಿಡ್‌ನ ಎರಡನೇ ಅಲೆ. ನಮ್ಮಲ್ಲಿ ಲಸಿಕೆಯ ದಿನ ಗುರುವಾರ, ಬೆಳಗಿನಿಂದ ಮಧ್ಯಾಹ್ನದವರೆಗೆ. ಮೀನು ಮಾರುವ ಹೆಂಗಸರು ಪೇಟೆಯಲ್ಲಿರುವ ಹೊತ್ತೂ ಅದೇ. ಈ ತಾಯಿಗೆ ಲಸಿಕೆಯ ಮೇಲೆ ಅಪನಂಬಿಕೆ ಇರಲಿಲ್ಲ, ಹೊತ್ತು ಕೂಡಿಬರಲಿಲ್ಲ. ಇಂಥವರನ್ನು ‘ಲಸಿಕೆ ನಿರಾಕರಿಸಿದವರು’ ಎಂಬ ಪಟ್ಟಿಯಲ್ಲಿ ಬರೆಯುವುದು ಅನ್ಯಾಯ. ಬರೆದರೆ ಪರಿಹಾರವೂ ದಾರಿ ತಪ್ಪುತ್ತದೆ: ಸಮಯ ಬದಲಿಸಬೇಕಾದಲ್ಲಿ ನಾವು ಭಾಷಣ ಮಾಡುತ್ತೇವೆ.

ಆ ವಾರವೇ ಆ ಊರಿನಲ್ಲಿ ಲಸಿಕೆಯನ್ನು ಸಂಜೆಗೆ ಬದಲಿಸಿದೆವು. ಏಳು ವರ್ಷದೊಳಗಿನವರಿಗೆ ಡಿಪಿಟಿ, ಮೇಲ್ಪಟ್ಟವರಿಗೆ ಟಿಡಿ. ಜ್ವರ ಬಂದರೆ ಎಷ್ಟು ಪ್ಯಾರಾಸಿಟಮಾಲ್ ಎಂದು ಬರೆದ ಚೀಟಿಯನ್ನೂ ಬಾಟಲಿಯನ್ನೂ ಕೈಯಲ್ಲೇ ಕೊಟ್ಟೆವು. ಬುಟ್ಟಿ ಇಳಿಸಿ ಬಂದ ಹೆಂಗಸರು ಮಕ್ಕಳನ್ನು ಕರೆತಂದರು, ಕೆಲವರು ತಮ್ಮ ತೋಳನ್ನೂ ಒಡ್ಡಿದರು.

ಹೃದಯ, ಅಂಗುಳ, ಕಣ್ಣು

ಸೀರಮ್ ಕೊಟ್ಟ ನಂತರ ಪೊರೆ ಹಬ್ಬುವುದು ನಿಂತು, ಕೆಲವು ದಿನಗಳಲ್ಲಿ ಅಂಚಿನಿಂದ ಬಿಡಿಸಿಕೊಂಡಿತು. ಕತ್ತಿನ ಊತ ಇಳಿಯಿತು. ಹುಡುಗ ಗಂಜಿ ಕೇಳಿದ. ಮನೆಯವರು ಗೆದ್ದೆವು ಎಂದುಕೊಂಡರು. ಡಿಫ್ತೀರಿಯಾದಲ್ಲಿ ಅತ್ಯಂತ ಮೋಸದ ಹೊತ್ತು ಇದು, ಗಂಟಲು ವಾಸಿಯಾಗುತ್ತಿರುವಾಗಲೇ ಹೃದಯದ ಸರದಿ ಬರುತ್ತದೆ.

ರೋಗದ ಹತ್ತನೇ ದಿನ ಇಸಿಜಿಯಲ್ಲಿ ಬದಲಾವಣೆ ಕಂಡಿತು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂಕೇತ ಸಾಗಲು ತಡವಾಗುತ್ತಿತ್ತು. ಮಾರನೆಯ ದಿನ ನಡುನಡುವೆ ಒಂದು ಬಡಿತ ಬಿಟ್ಟೇ ಹೋಗುತ್ತಿತ್ತು. ಸಂಕೇತ ಪೂರ್ತಿ ಕಡಿದುಹೋಗುವ ಹಂತ ತಲುಪಿದ ಮಕ್ಕಳಲ್ಲಿ ಬದುಕುವವರು ಕಡಿಮೆ, ಪೇಸ್‌ಮೇಕರ್ ಹಾಕಿದರೂ ಭರವಸೆ ಕೊಡುವಂತಿಲ್ಲ. ಇವನಲ್ಲಿ ಅದು ಅಲ್ಲಿಯವರೆಗೆ ಹೋಗಲಿಲ್ಲ. ಹಾಸಿಗೆಯಿಂದ ಏಳುವಂತಿಲ್ಲ, ಶೌಚಕ್ಕೂ ನಡೆಯುವಂತಿಲ್ಲ ಎಂಬ ಕಟ್ಟುನಿಟ್ಟನ್ನು ಅಜ್ಜಿ ಯಾವ ನರ್ಸಿಗಿಂತಲೂ ಗಟ್ಟಿಯಾಗಿ ಪಾಲಿಸಿದರು. ಮೂರನೇ ವಾರಕ್ಕೆ ಇಸಿಜಿ ಸುಧಾರಿಸತೊಡಗಿತು.

ಮನೆಗೆ ಬಂದ ಮೇಲೆ ತಾಯಿ ಫೋನ್ ಮಾಡಿದರು: ‘ನೀರು ಕುಡುದ್ರೆ ಮೂಗಲ್ಲಿ ಬತ್ತದೆ.’ ಅಂಗುಳದ ನರ ಸೋತಿತ್ತು. ಬಿಡುಗಡೆಯಾಗುವಾಗಲೇ ಇದು ಬರಬಹುದೆಂದು ಹೇಳಿ ಕಳಿಸಿದ್ದರಿಂದ ಅವರು ಹೆದರಲಿಲ್ಲ. ನೀರಿನ ಬದಲು ಗಟ್ಟಿ ಗಂಜಿ, ನೆಟ್ಟಗೆ ಕೂರಿಸಿ ಸಣ್ಣ ಸಣ್ಣ ತುತ್ತು, ಕೆಮ್ಮು ಬಂದರೆ ತಕ್ಷಣ ಆಸ್ಪತ್ರೆಗೆ. ಆರನೇ ವಾರ ಹತ್ತಿರದ ಅಕ್ಷರ ಮಸುಕಾದವು. ಪುಸ್ತಕವನ್ನು ತೋಳಿನುದ್ದ ದೂರ ಹಿಡಿದರೆ ಓದುತ್ತಿದ್ದ. ಕಾಲಿನಲ್ಲೂ ಸ್ವಲ್ಪ ನಿಶ್ಶಕ್ತಿ ಬಂತು. ಈ ನರದೌರ್ಬಲ್ಯ ಬದುಕುಳಿದವರಲ್ಲಿ ನಿಧಾನವಾಗಿಯಾದರೂ ಸಾಮಾನ್ಯವಾಗಿ ಪೂರ್ತಿ ಹೋಗುತ್ತದೆ. ಇವನಿಗೂ ಹೋಯಿತು. ಬೇಸಿಗೆ ರಜೆಯ ಹೊತ್ತಿಗೆ ಅಳಿವೆಯ ಕೆಸರಿನಲ್ಲಿ ಗೆಳೆಯರ ಜೊತೆ ಬಳಚು ಹೆಕ್ಕುತ್ತಿದ್ದ.

ಬಿಡುಗಡೆಯ ದಿನ ಅವನಿಗೆ ಟಿಡಿ ಚುಚ್ಚುಮದ್ದು ಹಾಕಿದ್ದನ್ನು ಕಂಡು ಅಪ್ಪ ಬೆರಗಾದರು. ರೋಗವೇ ಬಂದುಹೋದ ಮೇಲೆ ಲಸಿಕೆ ಏಕೆ? ಕಾಯಿಲೆ ತರಿಸುವಷ್ಟು ವಿಷವೂ ದೇಹಕ್ಕೆ ಭದ್ರವಾದ ರಕ್ಷಣೆ ಕಲಿಸುತ್ತದೆಂಬ ಖಾತರಿ ಇಲ್ಲ, ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಮ್ಗೆ? ಬೋಟಲ್ಲಿ ಒಂದೇ ಕಡೆ ಮಲಗ್ತೇವೆ, ಒಂದೇ ಪಾತ್ರೇಲಿ ಉಣ್ತೇವೆ’ ಎಂದರು.

ಅವರ ಬೋಟಿನಲ್ಲಿ ಊರಿನವರಿದ್ದರು, ಒಡಿಶಾ, ಜಾರ್ಖಂಡ್‌ನಿಂದ ಬಂದವರೂ ಇದ್ದರು. ಬಾಲ್ಯದಲ್ಲಿ ಲಸಿಕೆ ಆಗಿದೆ ಎಂದು ಹೇಳಬಲ್ಲವರು ಕೆಲವರೇ. ದೊಡ್ಡವರಿಗೆ ಮೊದಲಿನಿಂದ ಶುರುಮಾಡಿದರೆ ಟಿಡಿ ಮೂರು ಡೋಸ್ ಬೇಕು: ಮೊದಲನೆಯದು, ನಾಲ್ಕು ವಾರದ ಮೇಲೆ ಎರಡನೆಯದು, ಅದಾಗಿ ಆರು ತಿಂಗಳಿಂದ ವರ್ಷದೊಳಗೆ ಮೂರನೆಯದು. ಬೋಟು ನಡೆಸುವ ತಾಂಡೇಲರ ಜೊತೆ ಮಾತಾಡಿ, ಬೋಟು ಐಸ್ ತುಂಬಿಸಿಕೊಳ್ಳಲು ನಿಂತ ಒಂದು ಸಂಜೆ ದಕ್ಕೆಯಲ್ಲೇ ಎಲ್ಲರಿಗೂ ಮೊದಲ ಡೋಸ್ ಹಾಕಿದೆವು. ಎರಡನೆಯದರ ಹೊತ್ತಿಗೆ ಬೋಟು ಮಲ್ಪೆಯಲ್ಲಿರುತ್ತದೆ ಎಂದು ತಾಂಡೇಲರು ಹೇಳಿದ್ದರಿಂದ, ಹೆಸರು, ದಿನಾಂಕಗಳ ಪಟ್ಟಿಯನ್ನು ಅಲ್ಲಿನ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಕಳಿಸಿದೆವು. ಅದರ ಒಂದು ಪ್ರತಿ ತಾಂಡೇಲರ ಬಳಿ, ಬೋಟಿನ ಕಾಗದಪತ್ರಗಳ ಜೊತೆಗೇ ಇದೆ.